ಪೂರ್ವಪದ, ಪ್ರಕೃತಿ, ಸಂಬೋಧನೆ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಹಳೆಯ ವ್ಯಕ್ತಿನಾಮಗಳ ರಚನೆ

ಸಾರಾಂಶ

ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಯಲ್ಲಿದ್ದು ಈಗ ‘ಹಳೆಯ ಕಾಲದವು’ ಎನಿಸಿರುವ ವ್ಯಕ್ತಿನಾಮಗಳನ್ನು ಈ ಲೇಖನ ವಿವೇಚಿಸುತ್ತದೆ. ಈ ಹೆಸರುಗಳು ಸಿದ್ಧಪಟ್ಟಿಯೊಂದರಿಂದ ಆಯ್ದವಲ್ಲ. ಪೂರ್ವಪದ, ಪ್ರಕೃತಿ ಮತ್ತು ಸಂಬೋಧನಾಪದ ಎಂಬ ಮೂರು ಸ್ಥಾನಗಳ ವ್ಯಾಕರಣದಿಂದ ನಿಷ್ಪನ್ನವಾದವು. ಇವುಗಳಲ್ಲಿ ಪೂರ್ವಪದ ಮತ್ತು ಪ್ರಕೃತಿಗಳು ವ್ಯಕ್ತಿಯನ್ನು ಗುರುತಿಸುತ್ತಿದ್ದವು. ಸಂಬೋಧನಾಪದವು ಕರೆಯುವವನ ಮತ್ತು ಕರೆಸಿಕೊಳ್ಳುವವನ ಸಂಬಂಧವನ್ನು ಮಾತ್ರ ಸೂಚಿಸುತ್ತಿತ್ತು. ಕಂದಾಯ ಮತ್ತು ಶಾಲಾ ದಾಖಲೆಗಳು ಮೂರನ್ನೂ ಒಂದೇ ಘಟಕವಾಗಿ ಸ್ಥಿರಗೊಳಿಸಿದವು. ಇಂದಿನ ದಾಖಲೆಗಳಲ್ಲಿನ ‘ಹೆಸರು ವ್ಯತ್ಯಾಸ’ದ ಒಂದು ಮುಖ್ಯ ಮೂಲ ಇಲ್ಲಿದೆ ಎಂಬುದು ನಮ್ಮ ವಾದ.

ಮುಖ್ಯಪದಗಳು: ವ್ಯಕ್ತಿನಾಮ, ನಾಮವಿಜ್ಞಾನ, ಸಂಬಂಧವಾಚಕ, ಕನ್ನಡ–ತೆಲುಗು ಸಂಪರ್ಕ, ತುಮಕೂರು ಜಿಲ್ಲೆ

1. ಪೀಠಿಕೆ

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರ ಜೂನ್ 20ರಂದು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜನನ, ಮರಣ ಮತ್ತು ವಿವಾಹಗಳ ನಾಗರಿಕ ನೋಂದಣಿ ಆರಂಭವಾದದ್ದು ಅದೇ ವರ್ಷದ ಜುಲೈ 1ರಂದು. ಆ ದೇಶದಲ್ಲಿ ‘ವಿಕ್ಟೋರಿಯಾ ಕಾಲದ ಹೆಸರು’ ಎಂಬ ಪರಿಕಲ್ಪನೆಗೆ ಸ್ಪಷ್ಟವಾದ ಅರ್ಥವಿರಲು ಈ ಕಾಕತಾಳೀಯವೂ ಒಂದು ಕಾರಣ. ಅಲ್ಲಿ ಹೆಸರೆಂದರೆ ನೋಂದಣಿ ಪುಸ್ತಕದಲ್ಲಿ ಒಮ್ಮೆ ಬರೆದ ರೂಪ. ಆಲ್ಬರ್ಟ್, ಎಥೆಲ್, ಮೇಬಲ್, ಆಡಾ ಮೊದಲಾದವು ಒಂದು ಕಾಲದಲ್ಲಿ ಬಳಕೆಗೆ ಬಂದು, ಮತ್ತೊಂದು ಕಾಲದಲ್ಲಿ ಹಳತೆನಿಸಿದವು. ಅವುಗಳಲ್ಲಿ ಕೆಲವು ಈಚೆಗೆ ಮರಳಿ ಬಂದಿವೆ. ಹೀಗೆ ಮರಳಿ ಬರುವುದು ಸಾಧ್ಯವಾಗುವುದು ಆ ಹೆಸರುಗಳು ಇಡಿಯಾದ, ಒಡೆಯಲಾಗದ ಘಟಕಗಳಾಗಿರುವುದರಿಂದ.

ಅದೇ ಕಾಲಘಟ್ಟದಲ್ಲಿ ಮೈಸೂರು ಸೀಮೆಯ ಈಶಾನ್ಯ ಭಾಗದಲ್ಲಿ ಹುಟ್ಟಿದ ಮಗುವಿಗೆ ತಿಮ್ಮಕ್ಕ, ಓಬಳಪ್ಪ, ಕೆಂಚಮ್ಮ, ಈರಣ್ಣ ಎಂಬಂಥ ಹೆಸರುಗಳಿದ್ದವು. ಇವೂ ಇಂದು ‘ಅಜ್ಜ–ಅಜ್ಜಿಯರ ಹೆಸರುಗಳು’. ಆದರೆ ಇವು ಹಳತಾದ ಬಗೆ ಬೇರೆ ಎಂದು ನಾವು ಭಾವಿಸುತ್ತೇವೆ. ಇಲ್ಲಿ ಮರೆಯಾಗಿರುವುದು ಹೆಸರುಗಳ ಪಟ್ಟಿಯಷ್ಟೇ ಅಲ್ಲ, ಹೆಸರನ್ನು ಕಟ್ಟುವ ನಿಯಮ. ಆ ನಿಯಮವನ್ನು ವಿವರಿಸುವುದು, ಅದು ಹೇಗೆ ನಿಷ್ಕ್ರಿಯವಾಯಿತೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದಲ್ಲಿ ನಾಮವಿಜ್ಞಾನಕ್ಕೆ ಒಳ್ಳೆಯ ತಳಹದಿಯಿದೆ. ಎಂ.ಎಂ. ಕಲಬುರ್ಗಿಯವರ ‘ಕನ್ನಡ ನಾಮವಿಜ್ಞಾನ’ ಈ ಶಾಖೆಗೆ ಹೆಸರನ್ನೂ ಚೌಕಟ್ಟನ್ನೂ ಕೊಟ್ಟ ಕೃತಿ. ಎಂ.ಬಿ. ಎಮೆನೊ ಅವರು ತೊದವರ ಮತ್ತು ಕೊಡವರ ವ್ಯಕ್ತಿನಾಮಗಳನ್ನು ಕುರಿತು ಕ್ರಮವಾಗಿ 1938 ಮತ್ತು 1976ರಲ್ಲಿ ಬರೆದ ಲೇಖನಗಳು ದ್ರಾವಿಡ ವ್ಯಕ್ತಿನಾಮಗಳ ಅಧ್ಯಯನಕ್ಕೆ ಮಾದರಿಗಳಾಗಿವೆ. ನಾವು ಇಲ್ಲಿ ಒಂದು ಸಣ್ಣ ಪ್ರದೇಶವನ್ನಷ್ಟೇ ತೆಗೆದುಕೊಂಡಿದ್ದೇವೆ. ಸಾರ್ವಜನಿಕ ಜೀವನದಲ್ಲಿರುವವರ ಹೆಸರುಗಳನ್ನು ಬಿಟ್ಟರೆ, ಉದಾಹರಿಸಿದ ರೂಪಗಳೆಲ್ಲ ಮಾದರಿರೂಪಗಳು. ಅವು ಯಾವುದೇ ನಿರ್ದಿಷ್ಟ ವ್ಯಕ್ತಿಯನ್ನು ಸೂಚಿಸುವುದಿಲ್ಲ.

2. ಪ್ರದೇಶ ಮತ್ತು ಭಾಷಾಪರಿಸರ

ಈ ನಾಲ್ಕು ತಾಲ್ಲೂಕುಗಳು ತುಮಕೂರು ಕಂದಾಯ ಜಿಲ್ಲೆಗೆ ಸೇರಿದ್ದರೂ ಶಿಕ್ಷಣ ಇಲಾಖೆಯ ಆಡಳಿತದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂಬ ಪ್ರತ್ಯೇಕ ಘಟಕವಾಗಿವೆ. ನಮ್ಮ ವಿಷಯಕ್ಕೆ ಈ ಘಟಕ ಎರಡು ಕಾರಣಗಳಿಗಾಗಿ ಹೊಂದುತ್ತದೆ. ಮೊದಲನೆಯದು, ಹೆಸರಿನ ಅಂತಿಮ ರೂಪ ನಿರ್ಧಾರವಾಗುವುದು ಬಹಳ ಕಾಲದಿಂದ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮತ್ತು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ. ಎರಡನೆಯದು, ಇದರೊಳಗೆ ಭಾಷಾಪರಿಸರವು ದಕ್ಷಿಣದಿಂದ ಉತ್ತರಕ್ಕೆ ಕ್ರಮೇಣ ಬದಲಾಗುತ್ತದೆ. ಕೊರಟಗೆರೆಯಲ್ಲಿ ಕನ್ನಡವೇ ಪ್ರಧಾನ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದಿರುವ ಪಾವಗಡದಲ್ಲಿ ತೆಲುಗು ಮನೆಮಾತಿನವರು ಅಧಿಕ. ಮಧುಗಿರಿ ಇವೆರಡರ ನಡುವಣ ಸ್ಥಿತಿ. 1687ರಿಂದ ಮೊಗಲರ ಪ್ರಾಂತ್ಯವೊಂದರ ಕೇಂದ್ರವಾಗಿದ್ದ ಸಿರಾದಲ್ಲಿ ದಖನಿ ಉರ್ದುವಿಗೆ ದೀರ್ಘ ಇತಿಹಾಸವಿದೆ. ನಾಲ್ಕೂ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ.

ಊರಿನ ಹೆಸರೇ ನಮ್ಮ ವಿಷಯಕ್ಕೆ ಒಂದು ಮುನ್ಸೂಚನೆ ಕೊಡುತ್ತದೆ. ಹತ್ತೊಂಬತ್ತನೆಯ ಶತಮಾನದ ಆಡಳಿತ ಬರಹಗಳಲ್ಲಿ ಮಧುಗಿರಿ ‘ಮದ್ದಗಿರಿ’. ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ತುಮಕೂರು ಜಿಲ್ಲೆಯ ಸಂಪುಟವಾದ 12ನೆಯ ಸಂಪುಟದಲ್ಲೂ ಇದೇ ರೂಪವಿದೆ. ಆಡುಮಾತಿನ ರೂಪದ ಜಾಗದಲ್ಲಿ ಸಂಸ್ಕೃತವಾಗಿ ಅರ್ಥವಾಗುವ ರೂಪವೊಂದು ಬಂದು ನಿಂತಿತು. ವ್ಯಕ್ತಿನಾಮಗಳಿಗೂ ಮುಂದೆ ಆದದ್ದು ಇದೇ.

3. ಹೆಸರಿನ ಮೂರು ಸ್ಥಾನಗಳು

ಹಳೆಯ ಹೆಸರುಗಳ ಸಾಮಾನ್ಯ ರಚನೆಯನ್ನು ಹೀಗೆ ನಿರೂಪಿಸಬಹುದು:

(1) ಪೂರ್ವಪದ + ಪ್ರಕೃತಿ + ಸಂಬೋಧನಾಪದ
ದೊಡ್ಡ + ತಿಮ್ಮ + ಅಪ್ಪ > ದೊಡ್ಡತಿಮ್ಮಪ್ಪ
ಚಿಕ್ಕ + ರಂಗ + ಅಮ್ಮ > ಚಿಕ್ಕರಂಗಮ್ಮ
ಸಣ್ಣ + ಈರ + ಅಣ್ಣ > ಸಣ್ಣೀರಣ್ಣ

ಇವುಗಳಲ್ಲಿ ಪ್ರಕೃತಿ ಕಡ್ಡಾಯ, ಉಳಿದೆರಡು ಐಚ್ಛಿಕ. ಪ್ರಕೃತಿಯೊಂದೇ ಬಂದಾಗ ಲಿಂಗವು ಅದರ ಅಂತ್ಯಸ್ವರದಲ್ಲಿ ವ್ಯಕ್ತವಾಗುತ್ತದೆ: ತಿಮ್ಮ–ತಿಮ್ಮಿ, ರಂಗ–ರಂಗಿ, ಕೆಂಚ–ಕೆಂಚಿ. ಸಂಬೋಧನಾಪದ ಸೇರಿದಾಗ ಈ ಭೇದ ಲುಪ್ತವಾಗಿ, ಲಿಂಗದ ಹೊಣೆಯನ್ನು ಉತ್ತರಪದ ಹೊರುತ್ತದೆ: ತಿಮ್ಮಪ್ಪ–ತಿಮ್ಮಮ್ಮ. ತೆಲುಗು ಮನೆಗಳಲ್ಲಿ ಬರಿಯ ಪ್ರಕೃತಿಯ ಪುಲ್ಲಿಂಗ ರೂಪ ‘ರಾಮುಡು’ ಎಂಬಂತೆ ಡುಕಾರಾಂತ. ಸಂಬೋಧನಾಪದ ಸೇರಿದೊಡನೆ ಎರಡೂ ಭಾಷೆಗಳ ರೂಪ ಒಂದೇ ಆಗಿಬಿಡುತ್ತದೆ: ರಾಮಪ್ಪ, ರಾಮಯ್ಯ.

ಸಂಧಿಕಾರ್ಯವೂ ಕ್ರಮಬದ್ಧ. ಅಕಾರಾಂತ ಪ್ರಕೃತಿಗೆ ಲೋಪಸಂಧಿ (ತಿಮ್ಮ + ಅಪ್ಪ > ತಿಮ್ಮಪ್ಪ). ಇಕಾರಾಂತಕ್ಕೆ ಯಕಾರಾಗಮ (ಮೂಡಲಗಿರಿ + ಅಪ್ಪ > ಮೂಡಲಗಿರಿಯಪ್ಪ). ‘ಗೌಡ’ ಎಂಬ ಉತ್ತರಪದದ ಮುಂದೆ ಮಾತ್ರ ಏಕಾರ ಕಾಣಿಸಿಕೊಳ್ಳುತ್ತದೆ (ತಿಮ್ಮೇಗೌಡ, ರಂಗೇಗೌಡ). ಸಂಬಂಧವಾಚಕಗಳಾದ ಅಪ್ಪ, ಅಣ್ಣ, ಅಯ್ಯ, ಅಮ್ಮ, ಅಕ್ಕ, ಅವ್ವಗಳೂ ಸ್ಥಾನವಾಚಕವಾದ ಗೌಡವೂ ಒಂದೇ ಸ್ಥಾನದಲ್ಲಿ ಬಂದರೂ ಬೇರೆ ವರ್ಗಗಳು ಎಂಬುದಕ್ಕೆ ಇದೊಂದು ರೂಪಾತ್ಮಕ ಆಧಾರ.

ಈ ಚೌಕಟ್ಟು ಕನ್ನಡಕ್ಕೋ ಹಿಂದೂ ಸಮುದಾಯಗಳಿಗೋ ಸೀಮಿತವಲ್ಲ. ಬುಡನ್ ಸಾಬ್, ಚಾಂದ್ ಬೀ ಎಂಬಲ್ಲಿ ‘ಸಾಬ್’, ‘ಬೀ’ಗಳು, ಲಂಬಾಣಿ ಹೆಸರುಗಳಾದ ಸೋಮ್ಲಾನಾಯ್ಕ, ಸೋಮ್ಲಿಬಾಯಿ ಎಂಬಲ್ಲಿ ‘ನಾಯ್ಕ’, ‘ಬಾಯಿ’ಗಳು ಅದೇ ಮೂರನೆಯ ಸ್ಥಾನವನ್ನು ತುಂಬುತ್ತವೆ. ನಾಲ್ಕು ಭಾಷೆಗಳ ಜನರು ಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡು ರಚನೆಯನ್ನು ಹಂಚಿಕೊಂಡಿದ್ದರು.

4. ಪ್ರಕೃತಿಗಳ ಮೂಲ

4.1 ದೇವತಾನಾಮಗಳು. ಬಹುಸಂಖ್ಯೆಯ ಪ್ರಕೃತಿಗಳು ದೇವರ ಹೆಸರುಗಳು. ಆದರೆ ಅವು ಪುರಾಣದ ದೇವರುಗಳಿಗಿಂತ ಹೆಚ್ಚಾಗಿ ಕ್ಷೇತ್ರದ ದೇವರುಗಳು. ತಿರುಪತಿಯ ವೆಂಕಟೇಶ್ವರನಿಗೆ ಕನ್ನಡದಲ್ಲಿ ರೂಢಿಯಾದ ಹೆಸರು ತಿಮ್ಮಪ್ಪ. ಅವನ ಬೆಟ್ಟ ಈ ಸೀಮೆಯವರಿಗೆ ಮೂಡಣ ದಿಕ್ಕಿನದು. ಹಾಗಾಗಿ ‘ಮೂಡಲಗಿರಿ’, ಅದರಿಂದ ‘ಮೂಡಲಗಿರಿಯಪ್ಪ’. ಚಿತ್ರದುರ್ಗ ಲೋಕಸಭಾ ಕ್ಷೇತ್ರವನ್ನು ಪ್ರತಿನಿಧಿಸಿದ್ದ ಸಿ.ಪಿ. ಮೂಡಲಗಿರಿಯಪ್ಪ ಅವರ ಮೂಲಕ ಈ ಹೆಸರು ರಾಜ್ಯದಾದ್ಯಂತ ಪರಿಚಿತ. ಅಹೋಬಲದ ನರಸಿಂಹನಿಂದ ಓಬಳಪ್ಪ, ಓಬಯ್ಯ, ಓಬಮ್ಮ; ಅನಂತಪುರ ಸೀಮೆಯ ಪೆನ್ನಹೋಬಲದಿಂದ ಪೆನ್ನೋಬಳಯ್ಯ; ಕದಿರಿಯ ನರಸಿಂಹನಿಂದ ಕದಿರಪ್ಪ, ಕದರಮ್ಮ. ಈ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ನಾಲ್ಕು ತಾಲ್ಲೂಕುಗಳಿಂದ ಮೂಡಣಕ್ಕೆ ಹೊರಟ ಯಾತ್ರಾಮಾರ್ಗಗಳು ಕಾಣಿಸುತ್ತವೆ.

ಪಡುವಣದಲ್ಲಿ ಚಿತ್ರ ಬೇರೆ. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿಯ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರ ಸಾಂಸ್ಕೃತಿಕ ವೀರನ ನೆಲೆ. ಜುಂಜಪ್ಪ, ಜುಂಜಣ್ಣ ಎಂಬ ಹೆಸರುಗಳು ಅಲ್ಲಿಂದ ಹರಡಿವೆ. ಕ್ಯಾತಪ್ಪ, ಈರಣ್ಣ, ಮಾರಕ್ಕ, ಕೆಂಚಮ್ಮ, ದುರುಗಮ್ಮಗಳ ಹಿಂದೆಯೂ ಹೀಗೆ ಊರು, ಹಟ್ಟಿ ಅಥವಾ ಗಡಿಯ ದೇವತೆಗಳಿದ್ದಾರೆ. ಪೆನುಕೊಂಡೆಯ ಬಾಬಾ ಫಕ್ರುದ್ದೀನರ ದರ್ಗಾಕ್ಕೂ ಅನಂತಪುರ ಜಿಲ್ಲೆಯ ಗೂಗೂಡಿನ ಕುಳ್ಳಾಯಿಸ್ವಾಮಿಗೂ ಹಿಂದೂಗಳು ನಡೆದುಕೊಳ್ಳುತ್ತಾರೆ. ಬಾಬಯ್ಯ, ಫಕೀರಪ್ಪ, ಕುಳ್ಳಾಯಪ್ಪ ಎಂಬ ಹೆಸರುಗಳು ಆ ನಡವಳಿಕೆಯ ಭಾಷಿಕ ಕುರುಹು. ಪ್ರಕೃತಿಯ ಸ್ಥಾನ ಎಷ್ಟು ತೆರೆದಿತ್ತೆಂಬುದಕ್ಕೆ ನೆರೆಯ ದತ್ತಮಂಡಲದ ಒಂದು ಉದಾಹರಣೆ ಸಾಕು: 1800ರಿಂದ 1807ರವರೆಗೆ ಅಲ್ಲಿ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಅವರ ನೆನಪಿಗೆ ಮಕ್ಕಳಿಗೆ ‘ಮನ್ರೋಳಪ್ಪ’ ಎಂದು ಹೆಸರಿಟ್ಟ ರೂಢಿ ಪ್ರಸಿದ್ಧ. ಇಂಗ್ಲಿಷ್ ಕುಲನಾಮವೂ ಪ್ರಕೃತಿಯಾಗಬಲ್ಲದು. ಅದರ ಮುಂದೆ ‘ಅಪ್ಪ’ ನಿಂತರೆ ಅದು ಈ ಸೀಮೆಯ ಹೆಸರೇ.

4.2 ಬಣ್ಣ, ಗಾತ್ರ ಮತ್ತು ಹುಟ್ಟಿನ ಕ್ರಮ. ಕರಿಯ, ಕೆಂಪ, ಕೆಂಚ, ಗುಂಡ, ಪುಟ್ಟ ಮೊದಲಾದವು ಪ್ರಕೃತಿಗಳಾಗಿಯೂ ದೊಡ್ಡ, ಚಿಕ್ಕ, ಸಣ್ಣಗಳು ಮುಖ್ಯವಾಗಿ ಪೂರ್ವಪದಗಳಾಗಿಯೂ ಬರುತ್ತವೆ. ತೆಲುಗಿನಲ್ಲಿ ಇವುಗಳ ಸಮಾನರೂಪಗಳು ನಲ್ಲ, ಎರ್ರ, ಪೆದ್ದ, ನಡಿಪಿ, ಚಿನ್ನ. ದ್ವಿಭಾಷಿಕ ಪರಿಸರದಲ್ಲಿ ಇಲ್ಲಿ ಸ್ವಾರಸ್ಯಕರವಾದ ಅರ್ಥಸಂಘರ್ಷ ಉಂಟಾಗುತ್ತದೆ:

(2) ಚಿನ್ನಪ್ಪ: ತೆಲುಗಿನಲ್ಲಿ ‘ಕಿರಿಯ’, ಕನ್ನಡದಲ್ಲಿ ‘ಬಂಗಾರ’
ನಲ್ಲಪ್ಪ: ತೆಲುಗಿನಲ್ಲಿ ‘ಕಪ್ಪು’, ಕನ್ನಡದಲ್ಲಿ ‘ಪ್ರಿಯ’
ಪೆದ್ದಣ್ಣ: ತೆಲುಗಿನಲ್ಲಿ ‘ಹಿರಿಯ’, ಕನ್ನಡದಲ್ಲಿ ‘ದಡ್ಡ’

ಮೊದಲ ಎರಡರಲ್ಲಿ ಕನ್ನಡದ ಅರ್ಥ ಹೆಸರಿಗೆ ಮೆರುಗು ಕೊಡುತ್ತದೆ. ಮೂರನೆಯದರಲ್ಲಿ ಮನೆಯ ಹಿರಿಯ ಮಗನೆಂಬ ಗೌರವ ಶಾಲೆಯ ಹಾಜರಿ ಕೂಗುವಾಗ ಮೂದಲಿಕೆಗೆ ಎಡೆಮಾಡಿಕೊಡುತ್ತದೆ. ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ ಆಗಿರುವೆಡೆ ‘ಪೆದ್ದ’ ಎಂಬುದಕ್ಕಿಂತ ‘ಚಿನ್ನ’ ಎಂಬುದಕ್ಕೆ ಉಳಿಯುವ ಅವಕಾಶ ಹೆಚ್ಚು. ಹೆಸರು ಹಳತಾಗಲು ಕಾಲವಷ್ಟೇ ಕಾರಣವಲ್ಲ. ಪಕ್ಕದ ಭಾಷೆಯ ನಿಘಂಟೂ ಕಾರಣವಾಗಬಲ್ಲದು.

4.3 ರಕ್ಷಕನಾಮಗಳು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವಿಗೆ ಕೀಳೆನಿಸುವ ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸುವ ರೂಢಿ ಭಾರತದ ಹಲವೆಡೆ ಇದೆ. ಕನ್ನಡದ ತಿಪ್ಪ, ತಿಪ್ಪಿ, ತೆಲುಗಿನ ಪೆಂಟಯ್ಯ, ಪುಲ್ಲಯ್ಯ ಈ ವರ್ಗದವು. ಆದರೆ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ ಎಂಬವನ್ನು ಈ ವರ್ಗಕ್ಕೆ ಸೇರಿಸುವುದು ತಪ್ಪಾಗುತ್ತದೆ. ಅವು ನೆರೆಯ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ ಬಂದವು. ಒಂದೇ ಪ್ರಕೃತಿಗೆ ಎರಡು ಪ್ರೇರಣೆಗಳಿದ್ದಾಗ ಪ್ರೇರಣೆಯನ್ನು ಹೇಳಬಲ್ಲುದು ಕುಟುಂಬವೇ ಹೊರತು ರೂಪವಲ್ಲ.

5. ಪ್ರಕೃತಿಯ ಧ್ವನಿರೂಪ

ಈ ಹೆಸರುಗಳನ್ನು ‘ಅಪಭ್ರಂಶ’ ಎನ್ನುವುದು ಸಾಮಾನ್ಯ ಅಭಿಪ್ರಾಯ. ವಾಸ್ತವದಲ್ಲಿ ಇವು ಪ್ರಾದೇಶಿಕ ಕನ್ನಡದ ಸಾಮಾನ್ಯ ಧ್ವನಿನಿಯಮಗಳನ್ನು ತಪ್ಪದೆ ಪಾಲಿಸುತ್ತವೆ:

(3) ಅ. ಇ, ಎ ಸ್ವರಗಳ ಮುಂಚಿನ ಪದಾದಿ ವಕಾರದ ಲೋಪ: ವೀರಣ್ಣ > ಈರಣ್ಣ, ವೆಂಕಟಪ್ಪ > ಎಂಕಟಪ್ಪ
ಆ. ಮುಂದಿನ ಅನುನಾಸಿಕದ ಪ್ರಭಾವದಿಂದ ಲ > ನ: ಲಿಂಗಪ್ಪ > ನಿಂಗಪ್ಪ
ಇ. ಸಂಯುಕ್ತಾಕ್ಷರದ ಸರಳೀಕರಣ: ಲಕ್ಷ್ಮಿ > ಲಕ್ಕ- (ಲಕ್ಕಪ್ಪ, ಲಕ್ಕಮ್ಮ)
ಈ. ಸ್ವರಭಕ್ತಿ: ದುರ್ಗ > ದುರುಗ- (ದುರುಗಪ್ಪ, ದುರುಗಮ್ಮ)
ಉ. ಪದಾದಿ ಅಕ್ಷರಲೋಪ: ಅಹೋಬಲ > ಓಬಳ
ಊ. ಮುಂದಿನ ಅಕಾರದಿಂದ ಏ > ಯಾ: ಕೇತಪ್ಪ > ಕ್ಯಾತಪ್ಪ, ದೇವಮ್ಮ > ದ್ಯಾವಮ್ಮ

ಕೊನೆಯದನ್ನು ಸ್ವಲ್ಪ ವಿವರಿಸಬೇಕು. ‘ಬೇಡ’ ಎಂಬುದು ‘ಬ್ಯಾಡ’ ಆಗುತ್ತದೆ, ‘ಬೇಕು’ ಎಂಬುದು ‘ಬ್ಯಾಕು’ ಆಗುವುದಿಲ್ಲ. ಮುಂದಿನ ಉಚ್ಚಸ್ವರ ಏಕಾರವನ್ನು ಕಾಪಾಡುತ್ತದೆ. ಹೆಸರುಗಳಲ್ಲೂ ಹಾಗೆಯೇ: ‘ದ್ಯಾವಮ್ಮ’ ಇದೆ, ಆದರೆ ‘ದೇವೀರಮ್ಮ’ ದೇವೀರಮ್ಮನಾಗಿಯೇ ಉಳಿಯುತ್ತದೆ. ಇಷ್ಟು ಸೂಕ್ಷ್ಮವಾದ ಪರಿಸರಭೇದವನ್ನು ಪಾಲಿಸುವ ರೂಪವನ್ನು ಅಶುದ್ಧವೆನ್ನಲಾಗದು.

ಪಾವಗಡದ ಕಡೆ ತೆಲುಗಿನ ನಿಯಮವೊಂದು ಇದರೊಂದಿಗೆ ಸೇರುತ್ತದೆ. ತೆಲುಗಿನಲ್ಲಿ ಸ್ವರಗಳ ನಡುವಣ ಮಕಾರ ವಕಾರವಾಗುವ ಪ್ರವೃತ್ತಿಯಿದೆ. ‘ವೆಂಕಟರಮಣ’ ಅಲ್ಲಿ ‘ವೆಂಕಟರವಣ’. ಪಾವಗಡ ವಿಧಾನಸಭಾ ಕ್ಷೇತ್ರದ ಶಾಸಕರಾಗಿದ್ದ ವೆಂಕಟರವಣಪ್ಪ ಅವರ ಹೆಸರು ಈ ರೂಪವನ್ನು ಅಧಿಕೃತ ದಾಖಲೆಯವರೆಗೂ ಕೊಂಡೊಯ್ದಿದೆ. ದಕ್ಷಿಣದ ಬರಹಗಾರ ಇದನ್ನು ‘ವೆಂಕಟರಮಣಪ್ಪ’ ಎಂದು ತಿದ್ದಿದರೆ ಅವನು ತಪ್ಪನ್ನು ಸರಿಪಡಿಸಿದಂತಾಗುವುದಿಲ್ಲ. ಒಂದು ಭಾಷೆಯ ಹೆಸರನ್ನು ಇನ್ನೊಂದು ಭಾಷೆಗೆ ಬದಲಿಸಿದಂತಾಗುತ್ತದೆ.

6. ಸಂಬೋಧನಾಪದದ ಸ್ಥಾನಮಾನ

ಈಗ ನಮ್ಮ ಮುಖ್ಯವಾದಕ್ಕೆ ಬರುತ್ತೇವೆ. ಅಪ್ಪ, ಅಣ್ಣ, ಅಯ್ಯ, ಅಮ್ಮ, ಅಕ್ಕ, ಅವ್ವ ಇವು ಹೆಸರಿನ ಭಾಗಗಳೇ? ಶಾಸನಗಳ ಕಾಲದಿಂದ ಅಣ್ಣ, ಅಯ್ಯ, ಅಬ್ಬೆ, ಅಕ್ಕ ಇವು ಹೆಸರುಗಳ ಅಂತ್ಯದಲ್ಲಿ ಕಾಣಿಸುತ್ತವೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಸುಪರಿಚಿತ ನಿದರ್ಶನ. ಆದರೆ ಶಾಸನವೂ ಒಂದು ದಾಖಲೆ. ಅದು ಮಾತಿನ ಒಂದು ಕ್ಷಣವನ್ನು ಹಿಡಿದಿಡುತ್ತದೆ. ಮಾತಿನಲ್ಲಿ ಈ ಪದಗಳು ಚಲಿಸುತ್ತಿದ್ದವು:

(4) ತಾಯಿ ಕರೆಯುವಾಗ: ತಿಮ್ಮ
ಕಿರಿಯರು ಕರೆಯುವಾಗ: ತಿಮ್ಮಣ್ಣ
ಊರಿನವರು, ಅವನು ಯಜಮಾನನಾದ ಮೇಲೆ: ತಿಮ್ಮಪ್ಪ, ತಿಮ್ಮಯ್ಯ
ಗೌಡಿಕೆಯ ಮನೆಯವನಾದರೆ: ತಿಮ್ಮೇಗೌಡ

ಈ ರೂಪಗಳೆಲ್ಲ ಒಬ್ಬನೇ ವ್ಯಕ್ತಿಯ ಹೆಸರಾಗಿರಬಹುದು. ಇಲ್ಲಿ ಬದಲಾಗುವುದು ಸೂಚಿತ ವ್ಯಕ್ತಿಯಲ್ಲ, ಮಾತಾಡುವವನ ನಿಲುವು. ಈ ದೃಷ್ಟಿಯಿಂದ ‘ಅಪ್ಪ’ವು ಹೆಸರಿನ ಪ್ರತ್ಯಯವಾಗಿರುವುದಕ್ಕಿಂತ ಹೆಚ್ಚಾಗಿ ಸಂಬೋಧನೆಯ ಪದ. ಇದಕ್ಕೆ ವಿರುದ್ಧವಾಗಿ ಪೂರ್ವಪದ ಚಲಿಸುವುದಿಲ್ಲ. ಅಜ್ಜನ ಹೆಸರನ್ನೋ ಮನೆದೇವರ ಹೆಸರನ್ನೋ ಇಬ್ಬರು ಮಕ್ಕಳಿಗೂ ಇಟ್ಟ ಮನೆಯಲ್ಲಿ ದೊಡ್ಡತಿಮ್ಮನು ಯಾರ ಬಾಯಲ್ಲೂ ಚಿಕ್ಕತಿಮ್ಮನಾಗಲಾರ. ಆದ್ದರಿಂದ ಪೂರ್ವಪದ ಭೇದಕ, ಸಂಬೋಧನಾಪದ ಅಭೇದಕ.

ಹೆಸರು ಹೇಳಬಾರದೆಂಬ ನಿಷೇಧವೂ ಈ ವ್ಯವಸ್ಥೆಯ ಭಾಗ. ಹೆಂಡತಿ ಗಂಡನ ಹೆಸರನ್ನೂ ಸೊಸೆ ಮಾವನ ಹೆಸರನ್ನೂ ಉಚ್ಚರಿಸುವುದಿಲ್ಲ. ಮೊಮ್ಮಗನಿಗೆ ಅಜ್ಜನ ಹೆಸರಿಟ್ಟಾಗ ತಾಯಿಯೇ ತನ್ನ ಮಗನನ್ನು ಹೆಸರಿನಿಂದ ಕರೆಯಲಾಗದ ಸ್ಥಿತಿ ಬರುತ್ತದೆ. ಆಗ ಬಳಕೆಗೆ ಬರುವ ಮರಿ, ಪುಟ್ಟ, ಅಪ್ಪಯ್ಯಗಳೇ ಮುಂದೆ ಮರಿಯಪ್ಪ, ಪುಟ್ಟಯ್ಯ ಎಂಬ ಹೆಸರುಗಳಾಗುತ್ತವೆ. ಈ ಹೆಸರುಗಳಲ್ಲಿ ಹಲವನ್ನು ಅಡಗಿರುವ ಇನ್ನೊಂದು ಹೆಸರಿನ ಮುಚ್ಚಳವೆಂದು ಓದಬೇಕು.

ಸಂಬೋಧನಾಪದ ಸಂಬಂಧಸೂಚಕವಾದ್ದರಿಂದಲೇ ಅದರ ಅಭಾವವೂ ಸಂಬಂಧವನ್ನು ಸೂಚಿಸುತ್ತಿತ್ತು. ಮೇಲ್ಜಾತಿಯವರು ದಲಿತರನ್ನು ವಯಸ್ಸಿನ ಪರಿವೆಯಿಲ್ಲದೆ ಹನುಮ, ಕರಿಯ, ಮಾರಿ ಎಂದೇ ಕರೆದರು. ಹನುಮನ ಮನೆಯಲ್ಲಿ, ಅವನ ಕೇರಿಯಲ್ಲಿ ಅವನು ಹನುಮಣ್ಣನೋ ಹನುಮಯ್ಯನೋ ಆಗಿದ್ದ. ಅವನಿಗೆ ಸಂಬೋಧನಾಪದ ಇರಲಿಲ್ಲವೆಂದಲ್ಲ. ಬರೆಯುವವನ ಬಾಯಲ್ಲಿ ಅದು ಬರಲಿಲ್ಲ.

7. ಸ್ಥಿರೀಕರಣ ಮತ್ತು ಪಲ್ಲಟ

ಮೈಸೂರು ಸಂಸ್ಥಾನ 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಈ ಅವಧಿಯ ಎರಡು ಕ್ರಮಗಳು ನಮಗೆ ಮುಖ್ಯ. 1863ರಲ್ಲಿ ಆರಂಭವಾದ ಸರ್ವೆ ಮತ್ತು ಸೆಟ್ಲ್‌ಮೆಂಟ್ ಕಾರ್ಯ ಪ್ರತಿ ಹಿಡುವಳಿಗೂ ಒಂದು ಸಂಖ್ಯೆಯನ್ನೂ ಒಬ್ಬ ಹೆಸರಿನ ವ್ಯಕ್ತಿಯನ್ನೂ ಕೇಳಿತು. 1868ರ ನಂತರದ ಹೋಬಳಿ ಶಾಲೆಗಳು ಹಳ್ಳಿಯ ಮಕ್ಕಳ ಹೆಸರುಗಳನ್ನು ಹಾಜರಿ ಪುಸ್ತಕಕ್ಕೆ ತಂದವು. ಹೆಸರು ಬರೆಯುತ್ತಿದ್ದವರು ವಂಶಪಾರಂಪರ್ಯದ ಶಾನುಭೋಗರು ಅಥವಾ ಶಾಲೆಯ ಮೇಷ್ಟರು. ‘ರಂಗಪ್ಪ ಬಿನ್ ತಿಮ್ಮಯ್ಯ’, ‘ತಿಮ್ಮಕ್ಕ ಕೋಂ ರಂಗಪ್ಪ’, ‘ಹನುಮ ಬಿನ್ ಕರಿಯ’ ಎಂಬ ನಮೂನೆಯಲ್ಲಿ ಅರಬ್ಬಿಯಿಂದ ಬಂದ ‘ಬಿನ್’ ಮಗನೆಂಬುದನ್ನೂ ‘ಕೋಂ’ ಹೆಂಡತಿಯೆಂಬುದನ್ನೂ ಸೂಚಿಸುತ್ತದೆ. ಆ ಬರಹಗಾರ ಆ ಹೊತ್ತಿನಲ್ಲಿ ಬಳಸಿದ ಸಂಬೋಧನೆ ಹೀಗೆ ಹೆಸರಾಗಿ ಗಟ್ಟಿಯಾಯಿತು. 1961ರ ಕಾಯ್ದೆಯಿಂದ ಶಾನುಭೋಗಿಕೆ ರದ್ದಾಯಿತು. ಶಾನುಭೋಗರು ಬರೆದ ರೂಪಗಳು ರದ್ದಾಗಲಿಲ್ಲ.

ಗಟ್ಟಿಯಾದ ಸಂಬೋಧನಾಪದ ತನ್ನ ಅರ್ಥ ಕಳೆದುಕೊಳ್ಳುತ್ತದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕ ಅವರು ನೂರು ದಾಟಿದ ವಯಸ್ಸಿನಲ್ಲೂ ಮಕ್ಕಳ ಬಾಯಲ್ಲಿ ತಿಮ್ಮಕ್ಕನೇ ಆಗಿದ್ದರು. ‘ಸಾಲುಮರದ ತಿಮ್ಮಕ್ಕ ಅಜ್ಜಿ’ ಎಂದಾಗ ‘ಅಕ್ಕ’ ಮತ್ತು ‘ಅಜ್ಜಿ’ ಒಂದರ ಪಕ್ಕ ಒಂದು ಬಂದರೂ ಯಾರಿಗೂ ವಿರೋಧ ಕಾಣುವುದಿಲ್ಲ. ಸಂಬಂಧವಾಚಕ ಅಲ್ಲಿ ಹೆಸರಿನಲ್ಲಿ ಕರಗಿಹೋಗಿದೆ.

ಅರ್ಥ ಕಳೆದುಕೊಂಡ ಅಂತ್ಯಪದವನ್ನು ಬದಲಿಸುವುದು ಸುಲಭ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಹೆಸರುಗಳಲ್ಲಿ ನಾವು ಎರಡು ಭಿನ್ನ ದಾರಿಗಳನ್ನು ಗುರುತಿಸುತ್ತೇವೆ:

(5) ಪುರುಷನಾಮ: ಪ್ರಕೃತಿ ಉಳಿದು ಅಂತ್ಯಪದ ಬದಲಾಗುವುದು
ತಿಮ್ಮಪ್ಪ > ತಿಮ್ಮೇಶ. ಹನುಮಂತರಾಯಪ್ಪ > ಹನುಮಂತರಾಜು, ಹನುಮೇಶ. ರಂಗಪ್ಪ > ರಂಗಸ್ವಾಮಿ. ನರಸಪ್ಪ > ನರಸಿಂಹಮೂರ್ತಿ
(6) ಸ್ತ್ರೀನಾಮ: ಅಂತ್ಯಪದ ಉಳಿದು ಪ್ರಕೃತಿ ಬದಲಾಗುವುದು
ತಿಮ್ಮಕ್ಕ, ಕೆಂಚಮ್ಮ, ಲಕ್ಕಮ್ಮ, ದ್ಯಾವಮ್ಮಗಳ ಜಾಗದಲ್ಲಿ ಜಯಮ್ಮ, ಸರೋಜಮ್ಮ, ಕಮಲಮ್ಮ, ಭಾಗ್ಯಮ್ಮ

ಇದು ನಿಯಮವಲ್ಲ, ಪ್ರವೃತ್ತಿ. ರಂಗಲಕ್ಷ್ಮಿ, ನಾಗಲಕ್ಷ್ಮಿಗಳು ಇದಕ್ಕೆ ಅಪವಾದ. ಸಿರಾ ತಾಲ್ಲೂಕಿನ ಬರಗೂರಿನವರಾದ ಸಾಹಿತಿ ಬರಗೂರು ರಾಮಚಂದ್ರಪ್ಪ ಅವರ ಹೆಸರಿನಲ್ಲಿ ಸಂಸ್ಕೃತದ ಪೂರ್ಣರೂಪ ಮತ್ತು ‘ಅಪ್ಪ’ ಜೊತೆಗೂಡಿವೆ. ಆದರೂ ಪ್ರವೃತ್ತಿ ವಿವರಣೆಯನ್ನು ಬೇಡುತ್ತದೆ. ಈಶ, ರಾಜು, ಮೂರ್ತಿ, ಸ್ವಾಮಿಗಳು ಸಂಬಂಧವಾಚಕಗಳ ಬದಲು ಒಡೆತನವನ್ನೋ ದೈವತ್ವವನ್ನೋ ಹೇಳುವ ಪದಗಳು. ಇವುಗಳ ಮೂಲಕ ಮನೆದೇವರ ಹೆಸರನ್ನು ಬಿಡದೆ ಹೊಸ ರೂಪ ಪಡೆಯಬಹುದಿತ್ತು. ಅಜ್ಜನ ಹೆಸರು ಮೊಮ್ಮಗನಿಗೆ ಬರಬೇಕೆಂಬ ಒತ್ತಡ, ಹಿಡುವಳಿ ಗಂಡಿನ ಹೆಸರಿನಲ್ಲಿ ಮುಂದುವರಿಯುವ ಪದ್ಧತಿ ಇವು ಗಂಡು ಮಕ್ಕಳ ಪ್ರಕೃತಿಯನ್ನು ಕಾಪಾಡಿರಬೇಕೆಂಬುದು ನಮ್ಮ ಊಹೆ. ಮದುವೆಯಾಗಿ ಹೊರಡುವ ಹೆಣ್ಣುಮಗುವಿನ ಹೆಸರಿಗೆ ಆ ರಕ್ಷಣೆಯಿರಲಿಲ್ಲ. ಫಲವಾಗಿ ಗ್ರಾಮದೇವತೆಯರ ಹೆಸರುಗಳು ಹೆಣ್ಣುಮಕ್ಕಳಿಂದ ಒಂದು ತಲೆಮಾರು ಮೊದಲೇ ಕಳಚಿಹೋದವು. ಆ ಮುಂದಿನ ತಲೆಮಾರಿನಲ್ಲಿ ಎರಡೂ ಸ್ಥಾನಗಳು ಖಾಲಿಯಾಗಿ, ಒಡೆಯಲಾಗದ ಸಂಸ್ಕೃತ ಪದಗಳು ಇಡಿಯಾಗಿ ಬಂದಿವೆ. ಇಲ್ಲಿಗೆ ನಮ್ಮ ಹೆಸರುಗಳೂ ಇಂಗ್ಲೆಂಡಿನ ಹೆಸರುಗಳಂತೆ ಪಟ್ಟಿಯ ಹೆಸರುಗಳಾದವು.

8. ದಾಖಲೆಗಳಲ್ಲಿ ಇದರ ಪರಿಣಾಮ

ಈ ವ್ಯಾಕರಣವನ್ನು ಮರೆತುದರ ಬೆಲೆಯನ್ನು ತೆರುವವರು ಕೃಷಿಕರ ಮಕ್ಕಳು. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ಅರ್ಜಿ ಹಾಕುವಾಗ ಪಹಣಿಯಲ್ಲಿನ ಹೆಸರು, ವಂಶವೃಕ್ಷದಲ್ಲಿನ ಹೆಸರು, ಮರಣ ಪ್ರಮಾಣಪತ್ರದ ಹೆಸರು, ಆಧಾರ್‌ನ ಹೆಸರು ಒಂದಕ್ಕೊಂದು ಹೊಂದಬೇಕು. ಪಹಣಿಯಲ್ಲಿ ‘ನಿಂಗ’, ವಂಶವೃಕ್ಷದಲ್ಲಿ ‘ನಿಂಗಪ್ಪ’, ಮೂರನೆಯದರಲ್ಲಿ ‘ಲಿಂಗಯ್ಯ’ ಎಂದಿದ್ದರೆ ಮೂವರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಬೇಕು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿ ದಾಖಲೆಗಳು ಗಣಕೀಕೃತವಾದವು. ಕೈಬರಹದ ಪಹಣಿಯನ್ನು ಓದುವ ಗ್ರಾಮಲೆಕ್ಕಿಗ ‘ನಿಂಗ’ನನ್ನೂ ‘ಲಿಂಗಪ್ಪ’ನನ್ನೂ ಒಂದೇ ಎಂದು ತಿಳಿಯಬಲ್ಲ, ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ.

ಭಾಷಾವಿಜ್ಞಾನ ಇಲ್ಲಿ ಹೇಳಬಹುದಾದದ್ದು ಸ್ಪಷ್ಟವಾಗಿದೆ. ಮೊದಲನೆಯದಾಗಿ, (3)ರಲ್ಲಿನ ಧ್ವನಿನಿಯಮಗಳಿಂದ ಸಂಬಂಧಿಸಿದ ರೂಪಗಳನ್ನು ಒಂದೇ ಪ್ರಕೃತಿಯ ರೂಪಾಂತರಗಳೆಂದು ಪರಿಗಣಿಸಬೇಕು. ಎರಡನೆಯದಾಗಿ, ಸಂಬೋಧನಾಪದದ ವ್ಯತ್ಯಾಸವನ್ನು ವ್ಯಕ್ತಿಭೇದದ ಸಾಕ್ಷ್ಯವೆಂದು ತಾನೇ ತಾನಾಗಿ ಭಾವಿಸಬಾರದು. ಮೂರನೆಯದಾಗಿ, ಪೂರ್ವಪದದ ವ್ಯತ್ಯಾಸವನ್ನು ಎಂದೂ ಕಡೆಗಣಿಸಬಾರದು: ದೊಡ್ಡರಂಗಪ್ಪ, ಚಿಕ್ಕರಂಗಪ್ಪರಲ್ಲಿ ‘ದೊಡ್ಡ’, ‘ಚಿಕ್ಕ’ಗಳನ್ನು ಬಿಟ್ಟು ಹೋಲಿಸಿದರೆ ಅಣ್ಣನ ಜಮೀನು ತಮ್ಮನಿಗೆ ಹೋಗುತ್ತದೆ. ಇದಕ್ಕೊಂದು ಮಿತಿಯನ್ನೂ ಹೇಳಬೇಕು. ಸಂಬೋಧನಾಪದ ಗಟ್ಟಿಯಾದ ಮೇಲೆ ಹುಟ್ಟಿದವರಲ್ಲಿ ಗಂಗಪ್ಪ ಮತ್ತು ಗಂಗಣ್ಣ ಎಂಬ ಇಬ್ಬರು ಸೋದರರಿರುವುದು ಸಾಧ್ಯ. ಆದ್ದರಿಂದ ಎರಡನೆಯ ಸೂತ್ರವನ್ನು ಹಳೆಯ ತಲೆಮಾರಿಗಷ್ಟೇ, ಅದೂ ಇತರ ಸಾಕ್ಷ್ಯಗಳೊಂದಿಗೆ ಅನ್ವಯಿಸತಕ್ಕದ್ದು.

ತಿದ್ದುವ ಅಭ್ಯಾಸದ ಬಗೆಗೂ ಒಂದು ಮಾತು. ‘ಈರಣ್ಣ’ನನ್ನು ‘ವೀರಣ್ಣ’ ಎಂದು ಬರೆಯುವವರು ಸದುದ್ದೇಶದಿಂದಲೇ ಬರೆಯುತ್ತಾರೆ. ಆದರೆ ಅಜ್ಜನ ಪಹಣಿಯಲ್ಲಿ ‘ಈರ’ ಇದ್ದು ಮೊಮ್ಮಗನ ಅಂಕಪಟ್ಟಿಯಲ್ಲಿ ತಂದೆಯ ಹೆಸರು ‘ವೀರಣ್ಣ’ ಎಂದಾದರೆ ಮೂರು ತಲೆಮಾರಿನ ಕೊಂಡಿಯೊಂದು ಕಳಚುತ್ತದೆ. ಇದರ ಜೊತೆಗೆ, ಬರಿಯ ‘ಹನುಮ’ ಎಂದಿರುವಲ್ಲಿ ‘ಹನುಮಯ್ಯ’ ಎಂದು ಸೇರಿಸಬೇಕೆಂದು ವಾರಸುದಾರರು ಕೇಳಿದರೆ ಅದನ್ನು ಹೆಸರು ಬದಲಾವಣೆಯೆಂದು ನೋಡಬಾರದು. ಬರೆದವನು ಬಿಟ್ಟಿದ್ದ ಪದವನ್ನು ಅವರು ಮರಳಿ ಪಡೆಯುತ್ತಿದ್ದಾರೆ.

9. ಸಮಾರೋಪ

ಈ ನಾಲ್ಕು ತಾಲ್ಲೂಕುಗಳ ಹಳೆಯ ವ್ಯಕ್ತಿನಾಮಗಳು ಮೂರು ಸ್ಥಾನಗಳ ಸರಳ ವ್ಯಾಕರಣದಿಂದ ಹುಟ್ಟಿದವು. ಕನ್ನಡ, ತೆಲುಗು, ದಖನಿ, ಲಂಬಾಣಿ ಭಾಷಿಕರು ಆ ಚೌಕಟ್ಟನ್ನು ಹಂಚಿಕೊಂಡಿದ್ದರು. ದಾಖಲೆಯ ಬರಹ ಅದನ್ನು ಸ್ಥಿರಗೊಳಿಸಿ ನಿಷ್ಕ್ರಿಯಗೊಳಿಸಿತು. ಇಂಗ್ಲೆಂಡಿನಲ್ಲಿ ಆಡಾ ಎಂಬ ಹೆಸರು ಮರಳಿದಂತೆ ಇಲ್ಲಿ ಓಬಳಪ್ಪ ಅಥವಾ ಕೆಂಚಮ್ಮ ಮರಳಬಹುದೇ? ಒಂಟಿ ಹೆಸರಾಗಿ ಯಾರಾದರೂ ಇಡಬಹುದು. ಆದರೆ ಹೆಸರಿಟ್ಟ ಮಗುವನ್ನು ತಾಯಿ ಕೆಂಚಿ ಎಂದು, ತಂಗಿ ಕೆಂಚಕ್ಕ ಎಂದು, ಊರು ಕೆಂಚಮ್ಮ ಎಂದು ಕರೆಯುವ ವ್ಯವಸ್ಥೆ ಹೆಸರಿನೊಡನೆ ಮರಳುವುದಿಲ್ಲ. ಆ ವ್ಯವಸ್ಥೆಯನ್ನು ಮಾತಿನಲ್ಲಿ ಬಳಸಿ ಬಲ್ಲವರು ಈಗ ಹಿರಿಯ ತಲೆಮಾರಿನಲ್ಲಿ ಮಾತ್ರ ಉಳಿದಿದ್ದಾರೆ. ಒಬ್ಬ ವ್ಯಕ್ತಿಯನ್ನು ಯಾರು ಯಾರು ಏನೇನೆಂದು ಕರೆಯುತ್ತಿದ್ದರೆಂಬುದನ್ನು ಅವರಿಂದ ಕೇಳಿ ದಾಖಲಿಸುವ ಕಾರ್ಯವನ್ನು ತಾಲ್ಲೂಕುವಾರು ಕೈಗೊಳ್ಳಬೇಕಾಗಿದೆ. ಪಹಣಿಯಲ್ಲಿ ದೊರೆಯುವುದು ಹೆಸರಿನ ಒಂದು ರೂಪ ಮಾತ್ರ. ಉಳಿದ ರೂಪಗಳು ಅವರ ಬಾಯಲ್ಲಿವೆ.